ಪ್ರಾತ್ಯಕ್ಷಿಕೆ ತಾಕು: ಬಯಲು ಪಾಠಶಾಲೆ



ರಾಯಚೂರಿನಲ್ಲಿ 2008ರಲ್ಲಿ ಸ್ಥಾಪನೆಯಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ತಾಕುಗಳು ಸಿರವಾರದ ರೈತರಿಗೂ ಬಯಲು ಪಾಠಶಾಲೆಯೇ. ಅಲ್ಲಿ ಬೆಳೆಯ ಸೊಬಗನ್ನಷ್ಟೇ ನೋಡಿ ಮರಳಬೇಡಿರಿ. ತಳಿ, ಬಿತ್ತಿದ ದಿನ, ಕೊಟ್ಟ ಗೊಬ್ಬರ, ನೀರು ಇವನ್ನು ಕೇಳಿ ಬರೆದುಕೊಳ್ಳಿರಿ. ಪಕ್ಕದ ಹೋಲಿಕೆ ತಾಕನ್ನೂ ನೋಡಿರಿ. ಹೊಸದರ ಲಾಭನಷ್ಟ ತಿಳಿಯುವುದು ಅದರಿಂದಲೇ.

ಆದರೆ ಅಲ್ಲಿ ಫಲಿಸಿದ್ದು ನಿಮ್ಮಲ್ಲಿ ಫಲಿಸದೆಯೂ ಇರಬಹುದು. ಕಾಲುವೆ ನೀರಿನಿಂದ ಸವಳಾದ ಎರೆಭೂಮಿಗೂ ಮಳೆಯಾಶ್ರಿತ ಮಸಾರಿಗೂ ಒಂದೇ ಮದ್ದಿಲ್ಲ. ಆದ್ದರಿಂದ ಮೊದಲು 2 ಗುಂಟೆಯಲ್ಲಿ ಪರೀಕ್ಷಿಸಿರಿ: ಒಂದರಲ್ಲಿ ಹೊಸ ತಳಿ, ಇನ್ನೊಂದರಲ್ಲಿ ನಿಮ್ಮ ವಾಡಿಕೆಯ ತಳಿ. ಒಂದೇ ದಿನ ಬಿತ್ತಿ, ಗೊಬ್ಬರ ನೀರು ಸಮನಾಗಿ ಕೊಟ್ಟು, ರಾಶಿಯನ್ನು ಬೇರೆಬೇರೆ ತೂಗಿರಿ. ಎಕರೆಗೆ 40 ಗುಂಟೆ. ಒಂದು ಗುಂಟೆ ಕೈಕೊಟ್ಟರೂ ಉಳಿದ ಹೊಲ ಮನೆಯನ್ನು ಸಾಕುತ್ತದೆ.