ಮನೆಯಲ್ಲಿ ಕರಕರ, ಕಾರಿನಲ್ಲಿ ಗಪ್‌ಚುಪ್: ತೂಬಗೆರೆಗೆ ಡಿಜಿಟಲ್ ರೇಡಿಯೊ ಬಂದಿದೆಯಾ?

(ಆಡಿಯೊ: ರೇಡಿಯೊದ ಕರಕರ ಸದ್ದು, ಅದರ ಹಿಂದೆ ವಾರ್ತೆ ಓದುವ ದನಿ. ನಂತರ ಇನ್ನೊಂದು ಕ್ಲಿಪ್: ಚೊಕ್ಕ ದನಿ, ತಟ್ಟನೆ ಮೌನ.)

ಈಗ ಕೇಳಿದ್ರಲ್ಲ, ಎರಡು ಕ್ಲಿಪ್. ಮೊದಲನೇದು ತೂಬಗೆರೆಯ ನಮ್ಮನೆ ಅಡುಗೆಮನೆಯಲ್ಲಿ, ಎಎಂ ರೇಡಿಯೊದಿಂದ ರೆಕಾರ್ಡ್ ಮಾಡಿದ್ದು. ಎರಡನೇದು ಸ್ನೇಹಿತನ ಕಾರಿನಲ್ಲಿ, ಡಿಜಿಟಲ್ ರೇಡಿಯೊದಿಂದ. ಎರಡರಲ್ಲೂ ಸಿಗ್ನಲ್ ಕೆಟ್ಟಿದೆ. ಆದರೆ ಕೆಟ್ಟಿರೋ ರೀತಿ ಬೇರೆ. ಒಂದರಲ್ಲಿ ಗಲಾಟೆ ಜಾಸ್ತಿ ಇದ್ರೂ ಸುದ್ದಿ ಏನು ಅಂತ ಗೊತ್ತಾಗುತ್ತೆ. ಇನ್ನೊಂದು ಕೊನೇ ಸೆಕೆಂಡಿನವರೆಗೂ ಸ್ಟುಡಿಯೊದಲ್ಲೇ ಕೂತು ಕೇಳಿದ ಹಾಗಿದ್ದು, ಆಮೇಲೆ ಏನೂ ಇಲ್ಲ. ಡಿಜಿಟಲ್ ಒಳ್ಳೇದಾ, ಹಳೇ ಅನಲಾಗ್ ಒಳ್ಳೇದಾ ಅನ್ನೋ ಜಗಳದಲ್ಲಿ ಅರ್ಧ ಭಾಗ ಇಷ್ಟೇ. ಇನ್ನರ್ಧ ದುಡ್ಡಿನ ವಿಷಯ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ನಮ್ಮೂರಿನ ಜಾಗ ಹೇಳ್ಬೇಕು, ಯಾಕಂದ್ರೆ ರೇಡಿಯೊ ವಿಷಯದಲ್ಲಿ ನೀವು ಎಲ್ಲಿದ್ದೀರಿ ಅನ್ನೋದೇ ಮುಖ್ಯ. ಬೆಂಗಳೂರಿಂದ ಹೆಬ್ಬಾಳ, ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ ದಾಟಿ ಘಾಟಿ ಸುಬ್ರಹ್ಮಣ್ಯದ ಕಡೆ ಬಂದರೆ ನಮ್ಮ ಹೋಬಳಿ. ಒಂದು ಕಡೆ ಮಾಕಳಿದುರ್ಗ, ಇನ್ನೊಂದು ಕಡೆ ನಂದಿ ಬೆಟ್ಟದ ಸಾಲು. ಈ ದಾರೀಲಿ, ಯಲಹಂಕದ ಹತ್ತಿರ, ಆಕಾಶವಾಣಿಯ ಟ್ರಾನ್ಸ್‌ಮಿಟರ್ ಕೇಂದ್ರ ಇದೆ. ತಲಾ 500 ಕಿಲೋವ್ಯಾಟ್ ಶಕ್ತಿಯ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳನ್ನ ಅಲ್ಲಿ ಹಾಕಿದ್ದು ಹೊರದೇಶಗಳಿಗೆ ಪ್ರಸಾರ ಮಾಡೋಕೆ. ನಾವು ದಿನಾ ಅದರ ಪಕ್ಕದಲ್ಲೇ ಬಸ್ಸಲ್ಲಿ ಹೋಗ್ತೀವಿ, ಅದು ನಮ್ಮ ತಲೆ ಮೇಲಿಂದ ಆಕಾಶಕ್ಕೆ ಚಿಮ್ಮಿ ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತೆ!

ನಮಗೆ ಅಂತ ಇದ್ದದ್ದು ಮೀಡಿಯಂ ವೇವ್. ಬೆಂಗಳೂರು ಆಕಾಶವಾಣಿ ಅಂದ್ರೆ 612 ಕಿಲೋಹರ್ಟ್ಸ್, ಟ್ರಾನ್ಸ್‌ಮಿಟರ್ 200 ಕಿಲೋವ್ಯಾಟ್. ಆ ಅಲೆಯ ಉದ್ದ ಎಷ್ಟು ಗೊತ್ತಾ? ಸುಮಾರು 490 ಮೀಟರ್. ಅರ್ಧ ಕಿಲೋಮೀಟರ್ ಉದ್ದದ ಅಲೆಗೆ ಸಣ್ಣಪುಟ್ಟ ಗುಡ್ಡ, ಮನೆ, ಮರ ಎಲ್ಲ ಲೆಕ್ಕಕ್ಕಿಲ್ಲ. ನೆಲ ಹಿಡ್ಕೊಂಡು ಬಾಗಿ ಹೋಗುತ್ತೆ. ಅದೇ 101.3 ಎಫ್‌ಎಂ ಅಲೆ ಬರೀ 3 ಮೀಟರ್. ಅದು ಹೆಚ್ಚು ಕಮ್ಮಿ ಬೆಳಕಿನ ಥರ ನೇರಕ್ಕೆ ಓಡುತ್ತೆ. 100 ಮೀಟರ್ ಎತ್ತರದ ಗೋಪುರದಿಂದ, ಒಂದೂವರೆ ಮೀಟರ್ ಎತ್ತರ ಇರೋ ಕಾರಿನ ಆಂಟೆನಾಗೆ, ಸಮತಟ್ಟು ನೆಲದಲ್ಲಿ ದೃಷ್ಟಿ ಸಿಗೋದು ಸುಮಾರು 46 ಕಿಲೋಮೀಟರ್ ತನಕ. ನಮ್ಮೂರು ಸರಿಯಾಗಿ ಆ ಅಂಚಿನಲ್ಲಿದೆ. ಅದಕ್ಕೇ ಮನೆ ಮಹಡಿ ಮೇಲೆ ಎಫ್‌ಎಂ ಹಾಡು ಚೆನ್ನಾಗಿರುತ್ತೆ, ಘಾಟಿ ಕಡೆ ಬೆಟ್ಟದ ಮರೆಗೆ ತಿರುಗಿದ ತಕ್ಷಣ ಉಸ್ಸ್ ಅನ್ನುತ್ತೆ.

ಈಗ ಮನೆಗೆ ಬರೋಣ. ಎಎಂ ಅಷ್ಟು ದೂರ ಬರೋದಾದ್ರೆ ಅಡುಗೆಮನೆಯಲ್ಲಿ ಯಾಕೆ ಕರಕರ?

ದೊಡ್ಡಬಳ್ಳಾಪುರ ಅಂದ್ರೆ ಪವರ್‌ಲೂಮ್ ಊರು. ಅಲ್ಲಿರೋ ನಮ್ಮ ಸೋದರಮಾವನ ಮನೆಯಲ್ಲಿ ಮಗ್ಗದ ಪಕ್ಕ ಗೂಡಿನಲ್ಲಿ ಒಂದು ರೇಡಿಯೊ ಇದೆ. ಮಗ್ಗದ ಮೋಟರ್‌ನಿಂದಲೇ ರೇಡಿಯೊ ಹಾಳಾಗೋದು ಅಂತ ಮನೆಯವರೆಲ್ಲ ನಂಬಿದ್ದಾರೆ. ಹಾಗೇನಿಲ್ಲ. ಮಗ್ಗಕ್ಕೆ ಹಾಕೋದು ಸಾಮಾನ್ಯವಾಗಿ ಇಂಡಕ್ಷನ್ ಮೋಟರ್, ಅದರಲ್ಲಿ ಕಾರ್ಬನ್ ಬ್ರಷ್ ಇರಲ್ಲ, ಕಿಡಿ ಹಾರಲ್ಲ. ಮಗ್ಗದ ಗಲಾಟೆ ಕಿವಿಗೆ, ರೇಡಿಯೊಗಲ್ಲ. ನಿಜವಾದ ಕಳ್ಳರು ಬೇರೆ: ಮಿಕ್ಸಿ, ಅದರಲ್ಲಿ ಬ್ರಷ್ ಇದೆ, ಕಿಡಿ ಹಾರುತ್ತೆ; ಅಗ್ಗದ ಎಲ್‌ಇಡಿ ಬಲ್ಬು; ಮತ್ತೆ ನಿಮ್ಮ ಮೊಬೈಲ್ ಚಾರ್ಜರ್. ಬಲ್ಬು, ಚಾರ್ಜರ್ ಒಳಗೆ ಕರೆಂಟನ್ನ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡೋ ಸರ್ಕ್ಯೂಟ್ ಇರುತ್ತೆ. ಅದರ ಕಸ ಬಂದು ಬೀಳೋದು ಎಎಂ ಬ್ಯಾಂಡಿನ ಮೇಲೇ. ಮೂವತ್ತು ವರ್ಷದ ಹಿಂದೆ ಬುರುಡೆ ಬಲ್ಬಿನ ಮನೆಯಲ್ಲಿ ಈ ಕಾಟ ಇರಲಿಲ್ಲ. ರೇಡಿಯೊ ಕೆಟ್ಟಿಲ್ಲ, ಅದರ ಸುತ್ತಲಿನ ಮನೆ ಬದಲಾಗಿದೆ.

ಮಾವನ ಮನೆಯಲ್ಲಿ ಮಾಡಿ ನೋಡಿದ್ದು, ಕೆಲಸ ಮಾಡುತ್ತೆ: ರೇಡಿಯೊನ ಗೋಡೆಯ ಸ್ವಿಚ್‌ಬೋರ್ಡಿಂದ ದೂರ ಇಡಿ, ಸೆಲ್ ಹಾಕಿ ಓಡಿಸಿ. ಆಮೇಲೆ ನಿಂತಲ್ಲೇ ನಿಧಾನಕ್ಕೆ ತಿರುಗಿಸಿ. ಒಳಗೆ ಪೆನ್ಸಿಲ್ ಥರದ ಒಂದು ಫೆರೈಟ್ ಕಡ್ಡಿ ಇರುತ್ತೆ, ಎಎಂಗೆ ಅದೇ ಆಂಟೆನಾ. ಕಡ್ಡಿಯ ತುದಿ ಯಲಹಂಕದ ಕಡೆ ನೋಡಿದ್ರೆ ಸಿಗ್ನಲ್ ಬೀಳುತ್ತೆ, ಮಗ್ಗುಲು ಆ ಕಡೆ ಇದ್ರೆ ಏಳುತ್ತೆ. ರೇಡಿಯೊದ ಮೇಲೆ ತಟ್ಟೋ ಅಭ್ಯಾಸ ಇರೋರು ಇನ್ನು ಮೇಲೆ ತಟ್ಟಬೇಡಿ, ತಿರುಗಿಸಿ.

ಡಿಜಿಟಲ್ ಮಾಡೋದೇನು? ನಾನು ಬಿ.ಕಾಂ., ನನಗೆ ಅರ್ಥ ಆಗಿದ್ದು ಬಿಲ್ ಲೆಕ್ಕದಲ್ಲಿ. ಅನಲಾಗ್‌ನಲ್ಲಿ ದನಿಯ ಆಕಾರವೇ ಅಲೆಯ ಮೇಲೆ ಕೂತು ಬರುತ್ತೆ, ದಾರೀಲಿ ಕಸ ಸೇರಿದ್ರೆ ಕಸಾನೂ ಸ್ಪೀಕರ್‌ಗೆ ಬರುತ್ತೆ. ಡಿಜಿಟಲ್‌ನಲ್ಲಿ ಬರೋದು ಅಂಕಿಗಳು, ಜೊತೆಗೆ ತಾಳೆ ನೋಡೋಕೆ ಹೆಚ್ಚುವರಿ ಅಂಕಿಗಳು. ಕಿರಾಣಿ ಅಂಗಡಿ ಬಿಲ್ಲಿನಲ್ಲಿ ಒಂದು ಸಾಲು ಅಳಿಸಿಹೋಗಿದೆ ಅನ್ಕೊಳ್ಳಿ. ಕೆಳಗೆ ಒಟ್ಟು ಮೊತ್ತ ಇದೆ, ಮಿಕ್ಕ ಸಾಲುಗಳನ್ನ ಕಳೆದರೆ ಅಳಿಸಿದ ಸಾಲು ಸಿಕ್ಕೇ ಸಿಗುತ್ತೆ, ಒಂದು ಪೈಸೆ ತಪ್ಪಿಲ್ಲದೆ. ಆದರೆ ಎರಡು ಸಾಲು ಅಳಿಸಿದ್ರೆ? ಯಾವುದಕ್ಕೆ ಎಷ್ಟು ಅಂತ ಹೇಳೋಕೇ ಆಗಲ್ಲ. ಡಿಜಿಟಲ್ ರೇಡಿಯೊದ ಆ ಚೊಕ್ಕ ದನಿ, ಆ ಹಠಾತ್ ಮೌನ, ಎರಡಕ್ಕೂ ಕಾರಣ ಇದೇ. ಅಂಕಿ ಕೂಡಿಸಿಕೊಂಡು ತಾಳೆ ನೋಡಬೇಕಲ್ಲ, ಅದಕ್ಕೆ ದನಿ ಒಂದೆರಡು ಸೆಕೆಂಡ್ ತಡವಾಗೂ ಬರುತ್ತೆ. ಪಕ್ಕದ ಮನೆ ಎಎಂ ರೇಡಿಯೊದಲ್ಲಿ ವಿಕೆಟ್ ಬಿದ್ದ ಮೇಲೆ ನಿಮ್ಮ ಕಾರಿನಲ್ಲಿ ಬೌಲರ್ ಓಡಿ ಬರ್ತಾ ಇರ್ತಾನೆ.

ಆಕಾಶವಾಣಿ ಆರಿಸಿಕೊಂಡಿರೋ ಡಿಜಿಟಲ್ ಪದ್ಧತಿಯ ಹೆಸರು ಡಿಆರ್‌ಎಂ, ಡಿಜಿಟಲ್ ರೇಡಿಯೊ ಮೊಂಡಿಯಾಲ್. ದೇಶದಲ್ಲಿ ಹಲವು ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನ ಇದಕ್ಕೆ ಸಜ್ಜು ಮಾಡಿದ್ದಾರೆ, ಬೆಂಗಳೂರಿನದೂ ಸೇರಿ. ಹಳೇ ಎಎಂ ಪಕ್ಕದ ಚಾನೆಲ್‌ನಲ್ಲೇ ಡಿಜಿಟಲ್ ಕೂರಿಸಬಹುದು. ಒಂದೇ ಚಾನೆಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಯಕ್ರಮ, ಪರದೆ ಮೇಲೆ ಅಕ್ಷರಗಳು, ತುರ್ತು ಎಚ್ಚರಿಕೆ, ಎಲ್ಲಕ್ಕೂ ಜಾಗ ಇದೆ. ಕರೆಂಟ್ ಬಿಲ್ಲೂ ಕಮ್ಮಿ. ಒಂದು ಕೊಂಕು ಮಾತ್ರ ಇದೆ: ಒಂದೇ ಟ್ರಾನ್ಸ್‌ಮಿಟರ್‌ನಲ್ಲಿ ಎರಡನ್ನೂ ಕಳಿಸೋವಾಗ ಶಕ್ತಿ ಹಂಚಿಕೆ ಆಗುತ್ತೆ. ಡಿಜಿಟಲ್ ಪಾಲು ತಗೊಂಡಷ್ಟು ಹಳೇ ಎಎಂ ಸೊರಗುತ್ತೆ.

ಹಾಗಾದ್ರೆ ಇದನ್ನ ಕೇಳ್ತಿರೋರು ಯಾರು? ಕಾರಿನವರು. ಹ್ಯುಂಡೈ, ಮಾರುತಿ ಸುಜುಕಿ ಮುಂತಾದ ಕಂಪನಿಗಳ ಕೆಲವು ಮಾಡೆಲ್‌ಗಳಲ್ಲಿ ಡಿಆರ್‌ಎಂ ಫ್ಯಾಕ್ಟರಿಯಿಂದಲೇ ಬಂದಿದೆ. ನನ್ನ ಸ್ನೇಹಿತನ ಕಾರಿನಲ್ಲೂ ಇತ್ತು. ಎರಡು ವರ್ಷ ಓಡಿಸಿದ್ರೂ ಆ ಮೂರು ಅಕ್ಷರ ಏನು ಅಂತ ಅವನು ಮುಟ್ಟಿಯೂ ನೋಡಿರಲಿಲ್ಲ. ಅವನ ಕಾರಿನಲ್ಲಿ ಯಾವಾಗಲೂ ಬ್ಲೂಟೂತ್. ನಾವು ಯಲಹಂಕದಿಂದ ಹಾಕಿಕೊಂಡು ಬಂದಾಗ ದೊಡ್ಡಬಳ್ಳಾಪುರದ ತನಕ ದನಿ ಒಂದು ಕೂದಲೆಳೆ ಅಲುಗಲಿಲ್ಲ. ನಿಂತುಹೋಗಿದ್ದು ಎಲ್ಲಿ ಗೊತ್ತಾ? ಬೆಟ್ಟದ ಮರೆಯಲ್ಲಲ್ಲ, ರಸ್ತೆ ಮೇಲೆ ಹಾದುಹೋಗೋ ಹೈಟೆನ್ಷನ್ ಲೈನಿನ ಕೆಳಗೆ. ಆ ಜಾಗದಲ್ಲಿ ಎಎಂ ಹಾಕಿದ್ರೆ ಜೇನುಗೂಡಿನ ಥರ ಗುಂಯ್ ಅನ್ನುತ್ತೆ, ಅದರ ಮಧ್ಯೆ ಮಾತು ಕೇಳುತ್ತೆ.

ಇನ್ನು ಎಲೆಕ್ಟ್ರಿಕ್ ಕಾರುಗಳದ್ದು ಬೇರೆ ಕಥೆ. ಬ್ಯಾಟರಿಯ ಕರೆಂಟನ್ನ ಮೋಟರ್‌ಗೆ ತಿರುಗಿಸಿ ಕೊಡೋ ಇನ್ವರ್ಟರ್ ಎಎಂ ಬ್ಯಾಂಡಿನ ಮೇಲೆ ಕಸ ಸುರಿಯುತ್ತೆ. ಅದಕ್ಕೇ ಅಮೆರಿಕದಲ್ಲಿ ಕೆಲವು ಕಂಪನಿಗಳು ಎಲೆಕ್ಟ್ರಿಕ್ ಕಾರುಗಳಿಂದ ಎಎಂ ರೇಡಿಯೊವನ್ನೇ ಕಿತ್ತುಹಾಕಿದವು. ಚಂಡಮಾರುತ ಬಂದಾಗ ಜನಕ್ಕೆ ಸುದ್ದಿ ತಲುಪಿಸೋದು ಅದೇ ಅಂತ ಗಲಾಟೆಯಾಗಿ, ಫೋರ್ಡ್ 2023ರಲ್ಲಿ ತನ್ನ ತೀರ್ಮಾನ ವಾಪಸ್ ತಗೊಂಡಿತು.

ಈಗ ದುಡ್ಡಿನ ಮಾತು. ಕಾರಿನಲ್ಲಿ ಡಿಆರ್‌ಎಂ ಕಾರಿನ ಬೆಲೆಯಲ್ಲೇ ಕರಗಿಹೋಗಿರುತ್ತೆ. ಮಗ್ಗದ ಪಕ್ಕ ಇಡೋ ಡಿಆರ್‌ಎಂ ರೇಡಿಯೊ ಬೇಕು ಅಂದ್ರೆ, ಮಾರುಕಟ್ಟೆಗೆ ಬಂದ ಸೆಟ್‌ಗಳ ಬೆಲೆ 10 ಸಾವಿರ ರೂಪಾಯಿಗಿಂತ ಮೇಲೆ. ದೊಡ್ಡಬಳ್ಳಾಪುರದಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಒಂದರಲ್ಲೂ ಇರಲಿಲ್ಲ. ಒಬ್ಬರು ‘ಬ್ಲೂಟೂತ್ ಸ್ಪೀಕರ್ ಕೊಡ್ಲಾ ತಮ್ಮಾ?’ ಅಂದ್ರು. ಅಂದ್ರೆ ಮನೆಯಲ್ಲಿ ಕೂತು ದಿನಕ್ಕೆ ಎಂಟು-ಹತ್ತು ಗಂಟೆ ರೇಡಿಯೊ ಕೇಳೋರಿಗೆ ಡಿಜಿಟಲ್ ಇಲ್ಲ, ಬ್ಲೂಟೂತ್ ಹಾಕ್ಕೊಂಡು ಓಡಾಡೋರಿಗೆ ಇದೆ. ತಂತ್ರಜ್ಞಾನದಲ್ಲಿ ದೋಷ ಇಲ್ಲ, ಅದು ಹೋಗಿ ಸೇರಿದ ವಿಳಾಸ ತಪ್ಪು ಅನ್ನೋದು ನನ್ನ ತಕರಾರು.

‘ಫೋನಿನಲ್ಲಿ ಆ್ಯಪ್ ಇದೆಯಲ್ಲ?’ ಅಂತೀರಿ. ಇದೆ. ಆದರೆ ಅದು ರೇಡಿಯೊ ಪ್ರಸಾರ ಅಲ್ಲ, ಇಂಟರ್ನೆಟ್. 64 ಕೆಬಿಪಿಎಸ್ ಸ್ಟ್ರೀಮ್ ಅಂದ್ರೆ ಗಂಟೆಗೆ ಸುಮಾರು 29 ಎಂಬಿ. ದಿನಕ್ಕೆ 2 ಗಂಟೆಯಂತೆ ತಿಂಗಳಿಗೆ ಸುಮಾರು 1.7 ಜಿಬಿ. ನಮಗೆ ಅದೇನೂ ಹೊರೆಯಲ್ಲ, ದಿನದ ಪ್ಯಾಕ್ ಮುಗಿಯೋದೇ ಇಲ್ಲ. ಆದರೆ ಗುಡುಗು ಮಳೆಗೆ ಕರೆಂಟ್ ಹೋಗಿ, ಆಮೇಲೆ ಟವರ್‌ನ ಬ್ಯಾಟರಿಯೂ ಮುಗಿದ ರಾತ್ರಿ ಆ ಪ್ಯಾಕ್ ಇದ್ದು ಏನು ಪ್ರಯೋಜನ? ಟ್ರಾನ್ಸ್‌ಮಿಟರ್‌ಗೆ ಹತ್ತು ಜನ ಕೇಳಿದ್ರೂ ಹತ್ತು ಲಕ್ಷ ಜನ ಕೇಳಿದ್ರೂ ಖರ್ಚು ಒಂದೇ, ಅನಲಾಗ್ ಆಗಲಿ ಡಿಜಿಟಲ್ ಆಗಲಿ.

ಫೋನಿನ ಒಳಗೇ ನಿಜವಾದ ಎಫ್‌ಎಂ ರೇಡಿಯೊ ಇತ್ತು, ನೆನಪಿದೆಯಾ? ವೈರ್ ಇಯರ್‌ಫೋನ್ ಸಿಕ್ಕಿಸಿದ್ರೆ ಮಾತ್ರ ಹಾಡ್ತಿತ್ತು, ಯಾಕಂದ್ರೆ ಆ ವೈರೇ ಆಂಟೆನಾ. ಎಫ್‌ಎಂ ಅಲೆಯ ಕಾಲು ಭಾಗ ಮುಕ್ಕಾಲು ಮೀಟರ್. ಇಯರ್‌ಫೋನ್ ವೈರ್‌ನ ಉದ್ದ ಅದಕ್ಕೆ ಸಾಕು. ವೈರ್ ಹೋಯ್ತು, ಜೊತೆಗೆ ರೇಡಿಯೊನೂ ಹೋಯ್ತು. ಎಫ್‌ಎಂ ಸೌಲಭ್ಯ ಇರೋ ಫೋನ್‌ಗಳಲ್ಲಿ ಅದನ್ನ ಮುಚ್ಚಬೇಡಿ, ಇಲ್ಲದಿದ್ರೆ ಸೇರಿಸಿ ಅಂತ ಕೇಂದ್ರದ ಐಟಿ ಸಚಿವಾಲಯ 2023ರಲ್ಲಿ ತಯಾರಕರಿಗೆ ಸಲಹೆ ಕೊಟ್ಟಿತು. ಸಲಹೆ ಅಷ್ಟೇ, ಕಡ್ಡಾಯ ಅಲ್ಲ.

ಇದನ್ನೆಲ್ಲ ಈಗ ಹೇಳೋಕೆ ಕಾರಣ ಇದೆ. ಖಾಸಗಿ ಎಫ್‌ಎಂಗಳಿಗೂ ಡಿಜಿಟಲ್ ತರೋ ಬಗ್ಗೆ ಟ್ರಾಯ್ 2025ರ ಅಕ್ಟೋಬರ್‌ನಲ್ಲಿ ಶಿಫಾರಸು ಕೊಟ್ಟಿದೆ. 13 ದೊಡ್ಡ ನಗರಗಳ ಪಟ್ಟಿಯಲ್ಲಿ ಬೆಂಗಳೂರೂ ಇದೆ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಶುರುವಾಗಿದ್ದೂ ಇಲ್ಲೇ. ಶಿಫಾರಸಿನ ಪ್ರಕಾರ ಒಂದೇ ಜಾಗದಲ್ಲಿ ಹಳೇ ಎಫ್‌ಎಂ ಕೂಡ ಇರುತ್ತೆ, ಪಕ್ಕದಲ್ಲಿ ಮೂರು ಡಿಜಿಟಲ್ ಚಾನೆಲ್ ಬರುತ್ತೆ. ಅನಲಾಗ್ ನಿಲ್ಲಿಸೋಕೆ ತಾರೀಖು ಇಟ್ಟಿಲ್ಲ. ನನ್ನ ಪ್ರಕಾರ ಆ ಇಡೀ ಶಿಫಾರಸಿನಲ್ಲಿ ಅತಿ ಜಾಣತನದ ಭಾಗ ಅದೇ. ನಾರ್ವೆ 2017ರಲ್ಲಿ ರಾಷ್ಟ್ರೀಯ ಚಾನೆಲ್‌ಗಳ ಎಫ್‌ಎಂ ನಿಲ್ಲಿಸಿದಾಗ ಬಹಳಷ್ಟು ಕಾರುಗಳಲ್ಲಿ ಡಿಜಿಟಲ್ ರೇಡಿಯೊ ಇರಲೇ ಇಲ್ಲ, ಜನ ಅಡಾಪ್ಟರ್ ಹುಡುಕಿಕೊಂಡು ಓಡಾಡಿದ್ರು. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2024ರ ಕೊನೇ ದಿನ ಎಫ್‌ಎಂ ಮುಚ್ಚಿ, ಕೇಳುಗರನ್ನ ಕಳ್ಕೊಂಡಿತು. ಅಂಥ ಶ್ರೀಮಂತ ದೇಶಗಳಲ್ಲೇ ಹಾಗಾದ್ರೆ, ನಮ್ಮ ಮಗ್ಗದ ಮನೆಗಳಲ್ಲಿ ಅಡಾಪ್ಟರ್ ತಗೊಳ್ಳೋರು ಯಾರು?

ನಿಮ್ಮಿಂದ ಒಂದು ಕೆಲಸ ಆಗಬೇಕು. ಮನೆಯಲ್ಲೋ ಸ್ನೇಹಿತರಲ್ಲೋ ಹೊಸ ಕಾರ್ ಇದ್ರೆ, ರೇಡಿಯೊ ಮೆನುವಿನಲ್ಲಿ ಎಫ್‌ಎಂ, ಎಎಂ ಪಕ್ಕ ಡಿಆರ್‌ಎಂ ಇದೆಯಾ ನೋಡಿ. ಇದ್ರೆ ಹಾಕಿ, ಟ್ಯೂನ್ ಆಗೋಕೆ ಕೆಲವು ಸೆಕೆಂಡ್ ಕಾಯಿರಿ. ಯಾವ ಊರಿನ ಹತ್ತಿರ ನಿಂತುಹೋಯ್ತು, ಅದೇ ಜಾಗದಲ್ಲಿ ಎಎಂ ಕೇಳ್ತಾ ಇತ್ತಾ ಅಂತ ವಾಯ್ಸ್ ನೋಟ್ ಕಳಿಸಿ. ಡ್ರೈವ್ ಮಾಡ್ತಿರೋರು ಬೇಡ, ಪಕ್ಕ ಕೂತಿರೋರು ಕಳಿಸಿ. ಘಾಟಿ ರಸ್ತೆಯದು ನನ್ನ ಹತ್ತಿರ ಇದೆ. ನೆಲಮಂಗಲ, ಹೊಸಕೋಟೆ ಕಡೆಯದು ಇನ್ನೂ ಬಂದಿಲ್ಲ.