ಬೋರ್ ಮಾಡಿಸಿದ ಎಂಜಿನ್: ಮೊದಲು ಆಯಿಲ್, ಆಮೇಲೆ ಸ್ಟಾರ್ಟ್

ಹಳೆಯ ಮಾರುತಿ 800 ಕಾರಿನ ಎಂಜಿನ್ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ಬೇರಿಂಗ್ ಹಾಕಿ ಕೂರಿಸಿದ್ದಾರೆ. ಆಯಿಲ್ ಕೂಡ ತುಂಬಿದ್ದಾರೆ. ಆದರೂ ನಮ್ಮ ಮಾಮು ತಮ್ಮ ಗ್ಯಾರೇಜಿನಲ್ಲಿ ಕೂಡಲೇ ಸ್ಟಾರ್ಟ್ ಮಾಡಲು ಬಿಡುವುದಿಲ್ಲ. ಯಾಕೆ?

ತುಂಬಿದ ಆಯಿಲ್ ಕೆಳಗಿನ ಚೇಂಬರಿನಲ್ಲೇ ನಿಂತಿರುತ್ತದೆ. ಫಿಲ್ಟರ್ ಮತ್ತು ಬೇರಿಂಗಿಗೆ ಹೋಗುವ ಸಣ್ಣ ದಾರಿಗಳಲ್ಲಿ ಇರುವುದು ಬರೀ ಗಾಳಿ. ಓಡುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟ್ ತಿರುಗುವುದು ತೆಳುವಾದ ಆಯಿಲ್ ಪದರದ ಮೇಲೆ. ಆ ಪದರ ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜಿ ಹೊಸ ಬೇರಿಂಗ್ ಬೇಗನೆ ಹಾಳಾಗುತ್ತದೆ.

ತೋಟದ ಮೋಟರ್ ಪಂಪಿಗೆ ಮೊದಲು ನೀರು ಹುಯ್ದು ಗಾಳಿ ತೆಗೆಯುವಂತೆಯೇ ಇಲ್ಲೂ. ಜೋಡಿಸುವಾಗಲೇ ಪಂಪಿನೊಳಗೆ ಆಯಿಲ್ ಬಿಟ್ಟು, ಬೇರಿಂಗಿಗೆ ಸವರಿರಬೇಕು. ಆಮೇಲೆ ಇಗ್ನಿಷನ್, ಪೆಟ್ರೋಲ್ ಎರಡನ್ನೂ ಬಂದ್ ಮಾಡಿ ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಬೇಕು. ಪ್ಲಗ್ ಇಲ್ಲದಿದ್ದರೆ ಕಂಪ್ರೆಷನ್ ಇರದು; ಎಂಜಿನ್ ಹಗುರವಾಗಿ ತಿರುಗುತ್ತದೆ. ಈಗ ಸುಮಾರು 10 ಸೆಕೆಂಡು ಸೆಲ್ಫ್ ಹೊಡೆದು ನಿಲ್ಲಿಸಬೇಕು. ಸ್ಟಾರ್ಟರ್ ತಣ್ಣಗಾದ ಮೇಲೆ ಮತ್ತೆ ಹೊಡೆಯಬೇಕು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಆರಿದರೆ ಒತ್ತಡ ಬಂದಿದೆ ಎಂದರ್ಥ. ಫಿಲ್ಟರ್ ತುಂಬಿ ಆಯಿಲ್ ಮಟ್ಟ ಇಳಿದಿರುತ್ತದೆ. ಕಡ್ಡಿ ನೋಡಿ ಕಡಿಮೆಯಾದಷ್ಟು ಹಾಕಿ, ಪ್ಲಗ್ ಕೂರಿಸಿ ಸ್ಟಾರ್ಟ್ ಮಾಡಬಹುದು. ದೀಪ ಆರದಿದ್ದರೆ ಸ್ಟಾರ್ಟ್ ಮಾಡಲೇಬಾರದು, ಕಾರಣ ಹುಡುಕಬೇಕು.

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಕಾಣುವ ಲೆಕ್ಕ ಇಷ್ಟೇ: ಇದಕ್ಕೆ ಖರ್ಚಾಗುವುದು ಸ್ವಲ್ಪ ಸಮಯ. ಬಿಟ್ಟರೆ, ಸಾಲ ಮಾಡಿ ಬಾಡಿಗೆ ಕಾರಿನ ಎಂಜಿನ್ ಮಾಡಿಸಿದವರು ಅದೇ ಎಂಜಿನ್ನನ್ನು ಮತ್ತೆ ಬಿಚ್ಚಿಸಬೇಕಾದೀತು. ನಿಮ್ಮ ಮನೆಯ ಗಾಡಿ ಗ್ಯಾರೇಜಿನಲ್ಲಿದ್ದರೆ ಮೆಕ್ಯಾನಿಕ್ಕನ್ನು ಕೇಳಿ: "ಆಯಿಲ್ ದೀಪ ಆರಿತಾ ಅಣ್ಣಾ?"