ಅಟ್ಟದ ಮೇಲೆ ಮದ್ದು, ಕೆಳಗೆ ಹತ್ತಿ

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಬಿಳಿಕೆರೆ, ಹುಣಸೂರಿನ ಹೊಗೆಸೊಪ್ಪಿನ ಬ್ಯಾರನ್ನುಗಳು, ಎಚ್.ಡಿ. ಕೋಟೆಯ ಹತ್ತಿ, ಎಲ್ಲಕ್ಕೂ ಬೆಂಕಿಯ ಭಯ ಇದ್ದದ್ದೇ. ಆದರೆ ಆ ತಾರೀಕು ಬಂದದ್ದು ಒಂದು ಹಡಗಿನಿಂದ ಎಂಬುದು ನಮ್ಮ ಕಡೆ ಎಷ್ಟೋ ಜನಕ್ಕೆ ತಿಳಿಯದು. ಅದರ ಹೆಸರು ಎಸ್.ಎಸ್. ಫೋರ್ಟ್ ಸ್ಟಿಕೀನ್.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಬ್ರಿಟನ್ನಿನ ಸರಕು ಹಡಗುಗಳನ್ನು ಒಂದರ ಹಿಂದೊಂದು ಮುಳುಗಿಸುತ್ತಿದ್ದವು. ಹೊಸದನ್ನು ಕಟ್ಟಿ ಪೂರೈಸಲು ಬ್ರಿಟನ್ನಿಗೆ ಸಾಧ್ಯವಾಗಲಿಲ್ಲ. 1940ರಲ್ಲಿ ಅಲ್ಲಿನ ನಿಯೋಗವೊಂದು ಸರಳವಾದ ಹಡಗಿನ ನಕ್ಷೆ ಹಿಡಿದು ಅಮೆರಿಕಕ್ಕೆ ಹೋಯಿತು. ಅದೇ ವಂಶದಲ್ಲಿ ಅಮೆರಿಕ 2,710 ಲಿಬರ್ಟಿ ಹಡಗುಗಳನ್ನು ಬೆಸುಗೆ ಹಾಕಿ ಕಟ್ಟಿತು. ಕೆನಡಾ ರಿವೆಟ್ ಹೊಡೆದು ಫೋರ್ಟ್ ಹಡಗುಗಳನ್ನು ಕಟ್ಟಿತು. ಸ್ಟಿಕೀನ್ ಹುಟ್ಟಿದ್ದು 1942ರಲ್ಲಿ, ಪ್ರಿನ್ಸ್ ರೂಪರ್ಟ್ ಬಂದರಿನಲ್ಲಿ.

ಅದರ ಎಂಜಿನ್ ಆ ಕಾಲಕ್ಕೇ ಹಳತು. ಬಾಯ್ಲರಿನ ಹಬೆ ಮೊದಲು ಚಿಕ್ಕ ಸಿಲಿಂಡರನ್ನು ಹೊಗುತ್ತದೆ. ಅಲ್ಲಿ ಪಿಸ್ಟನ್ ತಳ್ಳಿ, ಒತ್ತಡ ಇಳಿದು ಹಿಗ್ಗಿದ ಹಬೆ ಇನ್ನೂ ದೊಡ್ಡ ಸಿಲಿಂಡರಿಗೆ ಹೋಗುತ್ತದೆ, ಕೊನೆಗೆ ಎಲ್ಲಕ್ಕಿಂತ ದೊಡ್ಡದಕ್ಕೆ. ಒಂದೇ ಹಬೆಯನ್ನು ಮೂರು ಸಲ ದುಡಿಸಿ 2,500 ಅಶ್ವಶಕ್ತಿ, ಗಂಟೆಗೆ ಸುಮಾರು 20 ಕಿ.ಮೀ. ವೇಗ. ಟರ್ಬೈನುಗಳೆಲ್ಲ ಯುದ್ಧನೌಕೆಗಳಿಗೆ ಮೀಸಲಾಗಿದ್ದಾಗ, ಸಾಧಾರಣ ಕಾರ್ಖಾನೆಯೂ ತಯಾರಿಸಬಲ್ಲ ಈ ಎಂಜಿನ್ನನ್ನು ಆರಿಸಿದ್ದು ಜಾಣತನ ಎಂದೇ ನಾನು ಹೇಳುತ್ತೇನೆ.

ಉಳಿದಂತೆ ಹಡಗೆಂದರೆ ಐದು ದೊಡ್ಡ ಸರಕು ಕೋಣೆಗಳು. ಕೋಣೆಯ ನಡುವೆ ಅಟ್ಟದಂತೆ ಉಕ್ಕಿನ ಇನ್ನೊಂದು ನೆಲ. ಏನನ್ನಾದರೂ ತುಂಬಬಹುದು. ತುಂಬಿದರು ಕೂಡ.

1944ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್ ಬಿಟ್ಟಾಗ ಅದರಲ್ಲಿ ಸುಮಾರು 1,400 ಟನ್ ಮದ್ದುಗುಂಡು ಮತ್ತು ಚಿನ್ನದ ಗಟ್ಟಿಗಳಿದ್ದವು. ಕರಾಚಿಯಲ್ಲಿ ಒಂದಷ್ಟು ಸರಕು ಇಳಿಸಿ, ಖಾಲಿಯಾದ ಜಾಗಕ್ಕೆ ಸಾವಿರಾರು ಹತ್ತಿ ಬೇಲುಗಳನ್ನೂ ಎಣ್ಣೆ ಪೀಪಾಯಿಗಳನ್ನೂ ಹಾಕಿದರು. ಯುದ್ಧಕಾಲದಲ್ಲಿ ಖಾಲಿ ಜಾಗ ಸಾಗಿಸುವ ಮಾತೇ ಇಲ್ಲ. ಎರಡನೇ ಕೋಣೆಯಲ್ಲಿ ಹತ್ತಿ ಕೆಳಗೆ, ಮದ್ದು ಮೇಲೆ.

ಮುಂಬಯಿಯ ವಿಕ್ಟೋರಿಯಾ ಡಾಕ್‌ಗೆ ಬಂದದ್ದು ಏಪ್ರಿಲ್ 12ರಂದು. 14ರ ಮಧ್ಯಾಹ್ನ ಎರಡನೇ ಕೋಣೆಯಿಂದ ಹೊಗೆ ಎದ್ದಿತು. ಅಮುಕಿ ಕಟ್ಟಿದ ಬೇಲಿನ ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಆ ಗಾಳಿಯ ಬಲದಲ್ಲೇ ಕಿಡಿ ಒಳಗೊಳಗೇ ಹಬ್ಬುತ್ತದೆ. ಮೇಲೆ ಸುರಿದ ನೀರು ಹೊರಮೈ ತೋಯಿಸಿ ಜಾರುತ್ತದೆ. ಬೇಲನ್ನು ಹೊರಗೆಳೆದು, ಬಿಡಿಸಿ, ನೆನೆಸದೆ ಅದು ಆರುವುದಿಲ್ಲ. ಅಗ್ನಿಶಾಮಕರು ನೂರಾರು ಟನ್ ನೀರು ಹಾಯಿಸಿದರು. ನೀರು ಏರಿದಂತೆ ಉರಿಯುತ್ತಿದ್ದ ಬೇಲುಗಳು ತೇಲಿ ಅಟ್ಟದ ಹತ್ತಿರವೇ ಬಂದವು. ಕೆಳಗಿನ ಕಾವು ಉಕ್ಕಿನ ಹಲಗೆ ದಾಟಿ ಮದ್ದಿಗೆ ತಾಕುತ್ತಿತ್ತು. ಬೆಂಕಿ ಹೇಗೆ ಹತ್ತಿತು, ಸಿಗರೇಟಿನಿಂದಲೋ ಇನ್ನೊಂದರಿಂದಲೋ ಎಂಬ ಚರ್ಚೆ ಬಹಳ ನಡೆದಿದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಹತ್ತಿಯ ಮೇಲೆ ಮದ್ದಿಟ್ಟ ಈ ಜೋಡಣೆ. ಅಪಾಯದ ಸರಕಿದ್ದರೆ ಹಾರಿಸಬೇಕಾದ ಕೆಂಪು ಬಾವುಟವೂ ಮೇಲೇರಿರಲಿಲ್ಲ.

ಸಂಜೆ 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿದು ಎರಡಾಯಿತು. ಅರ್ಧ ಗಂಟೆಯ ನಂತರ ನಾಲ್ಕನೇ ಕೋಣೆಯ ಮದ್ದು ಸಿಡಿಯಿತು. ದೂರದ ಶಿಮ್ಲಾದ ಭೂಕಂಪಮಾಪಕದಲ್ಲೂ ಅದರ ನಡುಕ ದಾಖಲಾಯಿತು. ಪಕ್ಕದ ಹಡಗುಗಳು ನಾಶವಾದವು, ಉರಿಯುವ ಹತ್ತಿ ಊರಿನ ಮೇಲೆ ಸುರಿಯಿತು, ನೂರಾರು ಜನ ಸತ್ತರು. ಅವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ. ಹಡಗು ತೊರೆಯುವ ಆದೇಶ ಬಂದದ್ದು ಸ್ಫೋಟಕ್ಕೆ ಸ್ವಲ್ಪವೇ ಮುಂಚೆ. ಬಂದರಿನ ಅವಶೇಷ ತೆಗೆದು ಹಾಕಲು ಸಾವಿರಾರು ಕೆಲಸಗಾರರಿಗೆ ತಿಂಗಳುಗಳೇ ಹಿಡಿದವು. ಹೂಳೆತ್ತುವಾಗ ಚಿನ್ನದ ಗಟ್ಟಿಗಳು ದಶಕಗಳ ನಂತರವೂ ಸಿಕ್ಕವು.